ಮಾರಾಟಕ್ಕಿಲ್ಲದ ಒಂದು ಲೋಟ

ಇಟಲಿಯ ಈಶಾನ್ಯಕ್ಕಿರುವ ವೆನೆತೊ ಪ್ರಾಂತ್ಯದಲ್ಲಿ ಒಂದು ಸಣ್ಣ ಲೋಟ ವೈನಿಗೆ ‘ಓಂಬ್ರಾ’ ಅನ್ನುತ್ತಾರೆ. ಓಂಬ್ರಾ ಎಂದರೆ ನೆರಳು. ವೆನಿಸ್ಸಿನ ಸಾನ್ ಮಾರ್ಕೊ ಚೌಕದಲ್ಲಿ ಹಿಂದೆ ವೈನ್ ಮಾರುವವರು ಗಂಟೆಗೋಪುರದ ನೆರಳಲ್ಲಿ ಗಾಡಿ ನಿಲ್ಲಿಸುತ್ತಿದ್ದರಂತೆ. ಹೊತ್ತು ಏರಿದಂತೆ ನೆರಳು ಸರಿಯುತ್ತಿತ್ತು, ನೆರಳಿನ ಹಿಂದೆ ಗಾಡಿಯೂ ಸರಿಯುತ್ತಿತ್ತು. ‘ನೆರಳಿಗೆ ಹೋಗೋಣ ಬಾ’ ಎಂದರೆ ಒಂದು ಲೋಟ ಕುಡಿಯೋಣ ಬಾ ಎಂದೇ ಅರ್ಥವಾಯಿತಂತೆ. ಪಾದೊವಾದಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳು ಇದನ್ನು ಹೇಳಿದ್ದು ಕೊನೆಲ್ಯಾನೊ ರೈಲು ನಿಲ್ದಾಣದ ಎದುರು, ನಾವಿಬ್ಬರೂ ಬಸ್ಸಿಗೆ ಕಾಯುತ್ತಿದ್ದಾಗ. ಅವತ್ತು ಸಂಜೆ ಕೊಲ್ ಸಾನ್ ಮಾರ್ತಿನೊ ಎಂಬ ಊರಿನ ಮೇಲ್ಗಡೆ ಒಂದು ತೋಟದ ಮನೆಯ ಅಂಗಳದಲ್ಲಿ ಕೂತಿದ್ದಾಗ ಪಡುವಣ ಬೆಟ್ಟದ ನೆರಳು ದ್ರಾಕ್ಷಿ ಸಾಲುಗಳನ್ನು ಒಂದೊಂದಾಗಿ ದಾಟಿಕೊಂಡು ಬಂದು ನಮ್ಮ ಮೇಜನ್ನು ಮುಟ್ಟಿತು. ಅವಳು ಲೋಟ ಎತ್ತಿ, ‘ಚಿಕ್ಕಪ್ಪ, ನೆರಳು ಬಂತು’ ಅಂದಳು.

ಸೆಪ್ಟೆಂಬರಿನ ಎರಡನೇ ವಾರವದು. ದ್ರಾಕ್ಷಿ ಕೊಯ್ಲು ಶುರುವಾಗಿತ್ತು. ಬಸ್ಸಿನ ಮುಂದೆ ಟ್ರ್ಯಾಕ್ಟರುಗಳ ಸಾಲು. ಟ್ರೈಲರುಗಳಲ್ಲಿ ಹಳದಿಗೆ ತಿರುಗಿದ ಹಸಿರು ಗೊಂಚಲುಗಳ ರಾಶಿ. ಕಿಟಕಿಯಿಂದ ಹುಳಿಸಿಹಿ ವಾಸನೆ ಒಳಗೆ ನುಗ್ಗುತ್ತಿತ್ತು. ಇಕ್ಕಟ್ಟಾದ ರಸ್ತೆ, ಬಸ್ಸು ಎಲ್ಲೂ ಮುಂದೆ ಹೋಗುವಂತಿಲ್ಲ. ಆದರೂ ಚಾಲಕ ಒಂದು ಸಲವೂ ಹಾರ್ನ್ ಒತ್ತಲಿಲ್ಲ. ಕೊಯ್ಲಿನ ದಿನಗಳಲ್ಲಿ ರಸ್ತೆ ಟ್ರ್ಯಾಕ್ಟರಿನದು ಎಂಬುದನ್ನು ಅಲ್ಲಿ ಎಲ್ಲರೂ ಒಪ್ಪಿಕೊಂಡ ಹಾಗಿತ್ತು.

ಕೊನೆಲ್ಯಾನೊದಿಂದ ವಾಲ್ದೊಬ್ಬಿಯಾದೆನೆವರೆಗೆ ಹಬ್ಬಿರುವ ಈ ಗುಡ್ಡಗಳು ಪ್ರೊಸೆಕ್ಕೊ ಎಂಬ ನೊರೆ ವೈನಿನ ತವರು. 2019ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚಿತ್ರಗಳಲ್ಲಿ ನೋಡಿದವರಿಗೆ ಹಸಿರು ಅಲೆಗಳ ಹಾಗೆ ಕಾಣುತ್ತವೆ. ಆದರೆ ಬಸ್ಸಿಳಿದು ಒಂದು ಫರ್ಲಾಂಗು ಹತ್ತಿದರೆ ಮೊದಲು ಗೊತ್ತಾಗುವುದು ಮೊಣಕಾಲಿಗೆ. ಅಷ್ಟು ಕಡಿದು. ಕಲ್ಲಿನ ಗೋಡೆ ಕಟ್ಟದೆ, ಮಣ್ಣನ್ನೇ ಏರಿಸಿ ಅದರ ಮೇಲೆ ಹುಲ್ಲು ಬೆಳೆಸಿ ಬದು ಮಾಡಿದ್ದಾರೆ. ಹುಲ್ಲಿನ ಬೇರೇ ಮಣ್ಣನ್ನು ಹಿಡಿಯುತ್ತದೆ. ಇದಕ್ಕೆ ಅವರ ಮಾತು ‘ಚಿಲ್ಯೋನಿ’. ಈ ಬದುಗಳ ಮೇಲೆ ದೊಡ್ಡ ಯಂತ್ರ ಓಡುವುದಿಲ್ಲ. ಸವರುವುದು, ಕಟ್ಟುವುದು, ಎಲೆ ತೆಗೆಯುವುದು, ಕೊಯ್ಯುವುದು ಎಲ್ಲ ಕೈಯಲ್ಲೇ. ಬಯಲಿನಲ್ಲಿ ಒಂದು ಹೆಕ್ಟೇರಿಗೆ ವರ್ಷಕ್ಕೆ ನೂರೈವತ್ತು ಗಂಟೆಯ ದುಡಿಮೆ ಸಾಕಾದರೆ, ಇಲ್ಲಿ ಆರುನೂರು ಗಂಟೆಯಾದರೂ ಬೇಕು ಎನ್ನುವುದು ಇಲ್ಲಿನ ರೈತರ ಲೆಕ್ಕ. ಹೀಗೆ ಬೆಳೆಯುವುದಕ್ಕೆ ಇಟಲಿಯವರು ‘ವೀರ ದ್ರಾಕ್ಷಿ ಕೃಷಿ’ ಎಂದು ಹೆಸರಿಟ್ಟಿದ್ದಾರೆ. ದ್ರಾಕ್ಷಿ ತೋಟದಲ್ಲಿ ಬೆಳೆದ ನನಗೆ ಆ ಹೆಸರು ಒಂದಿಷ್ಟೂ ಅತಿಯೆನಿಸಲಿಲ್ಲ.

ಹೌದು, ನಮ್ಮದೂ ದ್ರಾಕ್ಷಿ ತೋಟವಿತ್ತು. ದೇವನಹಳ್ಳಿ ಕಡೆ, ಅಪ್ಪ ಹಾಕಿಸಿ ಅಣ್ಣ ನೋಡಿಕೊಂಡ ಎರಡು ಎಕರೆ. ಕಲ್ಲುಕಂಬ ನೆಟ್ಟು, ತಂತಿ ಎಳೆದು, ತಲೆಯ ಮೇಲೆ ಚಪ್ಪರ ಹಬ್ಬಿಸಿ ಬೆಳೆದ ಬೆಂಗಳೂರು ಬ್ಲೂ. ಅಣ್ಣನ ಮಗಳು ನಡೆಯಲು ಕಲಿತದ್ದು ಆ ಚಪ್ಪರದ ಕೆಳಗೆ. ಈಗ ಅಲ್ಲಿ ತೋಟವಿಲ್ಲ, ಸೈಟುಗಳಿವೆ. ಈ ಮಾತನ್ನು ಇಲ್ಲಿ ಯಾಕೆ ತಂದೆ ಎನ್ನುವುದು ಮುಂದೆ ತಿಳಿಯುತ್ತದೆ.

ತೋಟದ ಮನೆಗೆ ಬರುವ ಹಿಂದಿನ ರಾತ್ರಿ ನಾವು ಒಂದು ದೊಡ್ಡ ವೈನರಿಯ ತಾರಸಿಯ ಮೇಲೆ ‘ಸೂರ್ಯಾಸ್ತ ಮತ್ತು ಸಂಗೀತ’ ಎಂಬ ಕಾರ್ಯಕ್ರಮಕ್ಕೆ ಹೋಗಿದ್ದೆವು. ಟಿಕೆಟ್ಟು ಕೊಂಡು, ಕೈಗೆ ಪಟ್ಟಿ ಕಟ್ಟಿಸಿಕೊಂಡು. ಸ್ಯಾಕ್ಸೊಫೋನ್ ನುಡಿಸಿದವನು ಚೆನ್ನಾಗಿಯೇ ನುಡಿಸಿದ. ವೈನೂ ಚೆನ್ನಾಗಿತ್ತು. ಆದರೆ ಅಲ್ಲಿದ್ದವರೆಲ್ಲ ನಮ್ಮ ಹಾಗೆ ಬೇರೆ ಕಡೆಯಿಂದ ಬಂದವರು. ಸೂರ್ಯ ಮುಳುಗುವಾಗ ಎಲ್ಲರ ಕೈಯಲ್ಲೂ ಫೋನು. ಆ ಸಂಜೆಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಲ್ಲಿ ಏನೂ ಉಳಿದಿಲ್ಲ.

ತೋಟದ ಮನೆಯ ಸಂಜೆ ಬೇರೆಯೇ. ಇಟಲಿಯಲ್ಲಿ ‘ಅಗ್ರಿತುರೀಸ್ಮೊ’ ಎಂಬ ಏರ್ಪಾಡಿದೆ. 1985ರಲ್ಲಿ ಇದಕ್ಕೆಂದೇ ರಾಷ್ಟ್ರೀಯ ಕಾನೂನು ಬಂತು. ರೈತನು ತನ್ನ ಮನೆಯಲ್ಲೇ ಅತಿಥಿಗಳಿಗೆ ಕೋಣೆ ಕೊಡಬಹುದು, ಊಟ ಬಡಿಸಬಹುದು. ಆದರೆ ಅವನ ಮುಖ್ಯ ಕಸುಬು ಕೃಷಿಯೇ ಆಗಿರಬೇಕು, ಅತಿಥಿ ಸತ್ಕಾರ ಅದರ ಜೊತೆಗೆ ನಡೆಯಬೇಕು. ಹಳ್ಳಿಗಳು ಖಾಲಿಯಾಗುತ್ತಿದ್ದ ಕಾಲದಲ್ಲಿ ಎಷ್ಟೋ ಹಳೆಯ ಮನೆಗಳು ಬೀಳದೆ ಉಳಿದದ್ದಕ್ಕೆ ಈ ಏರ್ಪಾಡೂ ಒಂದು ಕಾರಣ. ನಾವು ಇಳಿದುಕೊಂಡ ಮನೆಯಲ್ಲಿ ಮೂರೇ ಕೋಣೆ. ಐವತ್ತು ದಾಟಿದ ಮನೆಯೊಡತಿ ಬೆಳಿಗ್ಗೆಯೆಲ್ಲ ಕೊಯ್ಲಿನಲ್ಲಿದ್ದು, ಸಂಜೆ ಕೈ ತೊಳೆದುಕೊಂಡು ಬಂದು ನಮಗೆ ಕೀಲಿ ಕೊಟ್ಟರು. ಉಗುರಿನ ಸಂದಿಯಲ್ಲಿ ದ್ರಾಕ್ಷಿಯ ಕಪ್ಪು ಕರೆ ಇನ್ನೂ ಇತ್ತು. ಅವರ ತಂದೆ ಎಂಬತ್ತು ದಾಟಿದವರು, ಅಂಗಳದ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಆ ಅಂಗಳಕ್ಕೆ ಅವರ ಮಾತಿನಲ್ಲಿ ‘ಆಯಾ’ ಎನ್ನುತ್ತಾರೆ. ಕಾಳು ಬಡಿಯಲು, ಒಣಗಿಸಲು ಮನೆಯ ಮುಂದೆ ಬಿಟ್ಟ ಸಮತಟ್ಟು ಜಾಗ. ನಮ್ಮ ಕಣ. ಕಾಳು ಬಡಿಯುವುದು ನಿಂತು ದಶಕಗಳಾದರೂ ಆ ಜಾಗದಲ್ಲಿ ಅವರು ಏನನ್ನೂ ಕಟ್ಟಿಲ್ಲ.

ಕಣದ ಒಂದು ಬದಿಗೆ, ಮನೆಯ ಗೋಡೆಗೆ ಒತ್ತಿ, ಒಂದು ಸಣ್ಣ ದ್ರಾಕ್ಷಿ ಚಪ್ಪರ. ಅದರ ಕೆಳಗೆ ಉದ್ದನೆಯ ಮರದ ಮೇಜು.

ಅಲ್ಲಿ ಸಂಜೆ ಊಟಕ್ಕೆ ಮುಂಚಿನ ಹೊತ್ತಿಗೆ ‘ಅಪೆರಿತೀವೊ’ ಎಂದು ಹೆಸರು. ಹಸಿವನ್ನು ತೆರೆಯುವ ಹೊತ್ತು ಎಂದರ್ಥ. ಮನೆಯೊಡತಿ ನಮಗೆ ಮಾಡಿಕೊಟ್ಟದ್ದು ಸ್ಪ್ರಿಟ್ಸ್. ದೊಡ್ಡ ಗಾಜಿನ ಲೋಟದ ತುಂಬ ಮಂಜುಗಡ್ಡೆ ಹಾಕಿದರು. ಮೂರು ಪಾಲು ಪ್ರೊಸೆಕ್ಕೊ, ಎರಡು ಪಾಲು ಅಪೆರೋಲ್, ಒಂದು ಪಾಲು ಸೋಡಾ. ಕಿತ್ತಳೆಯ ಒಂದು ಹೋಳು, ಕಡ್ಡಿಗೆ ಚುಚ್ಚಿದ ಒಂದು ಹಸಿರು ಆಲಿವ್. ಅಳೆಯಲು ಯಾವ ಪಾತ್ರೆಯನ್ನೂ ಹಿಡಿಯಲಿಲ್ಲ, ಕೈಗೇ ಅಳತೆ ಗೊತ್ತಿತ್ತು. ಅಪೆರೋಲ್ ಹುಟ್ಟಿದ್ದು ಇಲ್ಲೇ ಹತ್ತಿರದ ಪಾದೊವಾದಲ್ಲಿ. ಬಾರ್ಬಿಯೇರಿ ಎಂಬ ಅಣ್ಣತಮ್ಮಂದಿರು 1919ರಲ್ಲಿ ಅದನ್ನು ಹೊರತಂದರು. ಸ್ಪ್ರಿಟ್ಸ್ ಅದಕ್ಕಿಂತ ಹಳೆಯದು. 19ನೇ ಶತಮಾನದಲ್ಲಿ ವೆನೆತೊ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದಾಗ ಅಲ್ಲಿನ ಸೈನಿಕರಿಗೆ ಇಲ್ಲಿಯ ವೈನು ಖಾರವೆನಿಸಿ ನೀರು ಚಿಮುಕಿಸಿಕೊಂಡು ಕುಡಿಯುತ್ತಿದ್ದರಂತೆ. ಚಿಮುಕಿಸುವುದಕ್ಕೆ ಜರ್ಮನ್ ಮಾತು ಸ್ಪ್ರಿಟ್ಸೆನ್. ಆಳಿದವರು ಹೋದರು, ಅವರ ಕ್ರಿಯಾಪದ ಲೋಟದಲ್ಲಿ ಉಳಿಯಿತು. ಮೊದಲ ಗುಟುಕಿಗೆ ಕಿತ್ತಳೆ ಸಿಪ್ಪೆಯ ಸಿಹಿ, ಗಂಟಲಿಗೆ ಇಳಿದ ಮೇಲೆ ಒಂದು ಎಳೆ ಕಹಿ. ಆ ಕಹಿಯೇ ಹಸಿವನ್ನು ಎಬ್ಬಿಸುವುದು.

ಲೋಟ ತಾಗಿಸುವಾಗ ಒಬ್ಬರ ಕಣ್ಣನ್ನು ಒಬ್ಬರು ನೋಡಬೇಕು ಎಂದು ಮನೆಯೊಡತಿ ನನಗೆ ಹೇಳಿಕೊಟ್ಟರು. ಲೋಟವನ್ನು ನೋಡಿದರೆ ಅದು ಅವರಿಗೆ ಸರಿಬರುವುದಿಲ್ಲ.

ನನಗೆ ಆ ಕಣದಲ್ಲಿ ಕೂತು ಮನಸ್ಸಿಗೆ ಬಂದದ್ದು ನಮ್ಮ ಮನೆ. ದ್ರಾಕ್ಷಿ ಬೆಳೆದವರು ನಾವು, ಆದರೆ ಅಪ್ಪನ ಮನೆಯೊಳಗೆ ದ್ರಾಕ್ಷಾರಸದ ಒಂದು ಹನಿಯೂ ಬರಲಿಲ್ಲ. ನಮ್ಮಲ್ಲಿ ಕುಡಿತ ಎಂದರೆ ಸಂಸಾರ ಮುಳುಗಿಸುವ ಮಾತು. ಅದು ಸುಳ್ಳೂ ಅಲ್ಲ, ನಮ್ಮ ಬೀದಿಯಲ್ಲೇ ಹಾಗೆ ಮುಳುಗಿದ ಮನೆಗಳನ್ನು ಕಂಡಿದ್ದೇನೆ. ಕುಡಿಯುವವನು ಕತ್ತಲಿಗೆ ಹೋಗಿ, ಅವಸರದಲ್ಲಿ ಕುಡಿದು, ಬಾಯಿ ಮುಚ್ಚಿಕೊಂಡು ಮನೆಗೆ ಬರುವುದನ್ನೇ ನೋಡಿ ಬೆಳೆದ ನನಗೆ, ಅಣ್ಣನ ಮಗಳ ಎದುರು ಲೋಟ ಹಿಡಿದು ಕೂತದ್ದು ಮೊದಲ ಐದು ನಿಮಿಷ ಮೈ ಬಿಗಿಯುವಂತೆ ಮಾಡಿತು. ಆಮೇಲೆ ಸುತ್ತ ನೋಡಿದೆ. ಅಜ್ಜನ ಕೈಯಲ್ಲಿ ಅರ್ಧ ಲೋಟ. ಅದಕ್ಕೆ ಅವರು ನೀರು ಬೆರೆಸಿಕೊಂಡಿದ್ದರು. ಮೊಮ್ಮಗ ಅವರ ತೊಡೆಗೆ ಒರಗಿಕೊಂಡು ರೊಟ್ಟಿ ಕಡಿಯುತ್ತಿದ್ದ. ಮೇಜಿನ ಮೇಲೆ ಕೆಂಡದಲ್ಲಿ ಸುಟ್ಟ ಪೊಲೆಂತಾ ಹೋಳು, ಚೀಸ್, ಉಪ್ಪಿನಲ್ಲಿಟ್ಟ ಆಲಿವ್. ಎರಡು ಗಂಟೆ ಅಲ್ಲಿದ್ದೆವು. ಯಾರೂ ಎರಡನೇ ಲೋಟಕ್ಕೆ ಅವಸರಪಡಲಿಲ್ಲ. ಕುಡಿಯುವುದು ಒಳ್ಳೆಯದೆಂದು ನಾನು ಇಲ್ಲಿ ವಾದಿಸುತ್ತಿಲ್ಲ. ಬೆಳಕಿನಲ್ಲಿ, ಹಿರಿಯರ ಎದುರಿಗೆ, ತಿನ್ನುತ್ತ ಕುಡಿಯುವವರು ಮಿತಿಯನ್ನು ಹೇಗೆ ಕಾಯುತ್ತಾರೆ ಎಂಬುದನ್ನು ಕಣ್ಣಾರೆ ಕಂಡೆ, ಅಷ್ಟೇ.

ಪೊಲೆಂತಾ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಮೆಕ್ಕೆಜೋಳದ ಮುದ್ದೆ. ತ್ರೆವೀಸೊ ಸೀಮೆಯಲ್ಲಿ ಬಿಳಿ ಮೆಕ್ಕೆಜೋಳದ ಹಿಟ್ಟನ್ನೂ ಬಳಸುತ್ತಾರೆ. ತಾಮ್ರದ ಕೊಳದಪ್ಪಲೆಯಲ್ಲಿ ನೀರು ಕುದಿಸಿ, ಹಿಟ್ಟು ಉದುರಿಸುತ್ತ, ಮರದ ಕೋಲಿನಿಂದ ಮುಕ್ಕಾಲು ಗಂಟೆ ತಿರುವುತ್ತಾರೆ. ಹಲಗೆಯ ಮೇಲೆ ಸುರಿದು ದಾರದಿಂದ ಕತ್ತರಿಸುತ್ತಾರೆ. ಇವತ್ತು ಇದು ಅತಿಥಿಗಳಿಗೆ ಇಡುವ ತಿಂಡಿ. ಆದರೆ 19ನೇ ಶತಮಾನದಲ್ಲಿ ವೆನೆತೊದ ಕೂಲಿಯವರಿಗೆ ಮೂರು ಹೊತ್ತೂ ಇದೊಂದೇ. ಬೇರೇನೂ ಇಲ್ಲದೆ ಬರೀ ಮೆಕ್ಕೆಜೋಳ ತಿಂದವರಿಗೆ ಪೆಲಾಗ್ರಾ ರೋಗ ಬಂದು ಚರ್ಮ ಸುಲಿಯುತ್ತಿತ್ತು, ಬುದ್ಧಿ ಕದಡುತ್ತಿತ್ತು. ಆ ಹಸಿವನ್ನು ತಾಳಲಾರದೆ ಜನ ಹಡಗು ಹತ್ತಿದರು. ಆ ಮಾತಿಗೆ ಮತ್ತೆ ಬರುತ್ತೇನೆ. ಅವತ್ತಿನ ಸಂಗೀತವೇ ನಮ್ಮನ್ನು ಅಲ್ಲಿಗೆ ಒಯ್ದದ್ದು.

ಏಳು ಗಂಟೆ ದಾಟಿದ ಮೇಲೆ ಸೂರ್ಯ ಮೊಂತೆ ಗ್ರಾಪ್ಪಾ ಬೆಟ್ಟಗಳ ಕಡೆಗೆ ಇಳಿದ. ನಮ್ಮಲ್ಲಿ ಸೂರ್ಯ ಮುಳುಗಿದರೆ ಇಪ್ಪತ್ತು ನಿಮಿಷಕ್ಕೆ ದೀಪ ಹಚ್ಚಬೇಕು. ಅಲ್ಲಿ ಉತ್ತರಕ್ಕೆ ಸರಿದ ನಾಡಾದ್ದರಿಂದ ಸಂಜೆ ನಿಧಾನ. ಸೂರ್ಯ ಮರೆಯಾದ ಮೇಲೂ ಅರ್ಧ ಗಂಟೆ ಬೆಳಕು ನಿಂತಿರುತ್ತದೆ, ಎಲ್ಲಿಂದ ಬರುತ್ತಿದೆ ಎಂದು ತಿಳಿಯದ ಹಾಗೆ. ಮೊದಲು ತಗ್ಗಿನ ಸಾಲುಗಳು ಕಪ್ಪಾದವು. ಆಮೇಲೆ ಬದುಗಳು. ಕೊನೆಗೆ ಗುಡ್ಡದ ನೆತ್ತಿಯ ಮೇಲಿನ ಸಾನ್ ವಿಜಿಲಿಯೊ ಎಂಬ ಹಳೆಯ ಚರ್ಚಿನ ಗೋಡೆಯಷ್ಟೇ ಬೆಳಗಿತು. ದಕ್ಷಿಣಕ್ಕೆ, ದೂರದಲ್ಲಿ, ಪಿಯಾವೆ ನದಿಯ ಬಿಳಿ ಜಲ್ಲಿಯ ಹಾಸು. ಮೊದಲ ಮಹಾಯುದ್ಧದಲ್ಲಿ 1917ರ ನವೆಂಬರಿನಿಂದ ಒಂದು ವರ್ಷ ಆ ನದಿಯೇ ರಣರಂಗದ ಗೆರೆ. ಈ ದಡದ ಊರುಗಳೆಲ್ಲ ಶತ್ರುವಿನ ಕೈಯಲ್ಲಿದ್ದವು. ಗುಂಡು ಬೀಳದ ಮನೆ ಇಲ್ಲಿ ಅಪರೂಪ ಎಂದು ಅಜ್ಜ ಹೇಳಿದರು. ತಮ್ಮ ಮನೆಯ ಗೋಡೆಯಲ್ಲಿ ಹಳೆಯ ಕಲ್ಲು ಎಲ್ಲಿಗೆ ಮುಗಿದು ಹೊಸ ಕಲ್ಲು ಎಲ್ಲಿಂದ ಶುರು ಎಂದು ಬೆರಳಿಟ್ಟು ತೋರಿಸಿದರು.

ಚರ್ಚಿನ ಸಂಜೆಗಂಟೆ ನಿಂತ ಮೇಲೆ ಪಕ್ಕದ ತೋಟದವರು ಬಂದರು. ಕೊಯ್ಲಿನಲ್ಲಿ ಒಬ್ಬರಿಗೊಬ್ಬರು ಮುಯ್ಯಾಳಾಗಿ ದುಡಿಯುವ ಮನೆಗಳಂತೆ. ಅರವತ್ತರ ಆಸುಪಾಸಿನ ಒಬ್ಬರು ಹೆಗಲಿಗೆ ಅಕಾರ್ಡಿಯನ್ ಏರಿಸಿಕೊಂಡಿದ್ದರು. ಊರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವ ಅವರ ಮಗಳು ಜೊತೆಗಿದ್ದಳು. ಯಾರೂ ಕಾರ್ಯಕ್ರಮ ಶುರು ಎಂದು ಹೇಳಲಿಲ್ಲ. ಆತ ಕುರ್ಚಿಯನ್ನು ಗೋಡೆಗೆ ಒರಗಿಸಿ ಕೂತು, ಎಡಗೈಯ ಪಟ್ಟಿ ಬಿಗಿದುಕೊಂಡು, ತಿದಿಯನ್ನು ಒಮ್ಮೆ ಪೂರ್ತಿ ಬಿಚ್ಚಿದರು. ಸ್ವರ ಬರುವುದಕ್ಕೆ ಮುಂಚೆ ಬರೀ ಗಾಳಿಯ ಸದ್ದು ಬಂತು. ಯಾರೋ ದೊಡ್ಡದಾಗಿ ಉಸಿರೆಳೆದುಕೊಂಡ ಹಾಗೆ.

ಆ ಸದ್ದು ನನಗೆ ಹೊಸದಲ್ಲ. ನಮ್ಮೂರ ಭಜನೆ ಮನೆಯ ಹಾರ್ಮೋನಿಯಂ ಪೆಟ್ಟಿಗೆಗೆ ಇದೇ ಉಸಿರಿತ್ತು. ಹಾರ್ಮೋನಿಯಂ, ಅಕಾರ್ಡಿಯನ್ ಎರಡೂ ಒಂದೇ ಕುಲದ ವಾದ್ಯಗಳು: ತಿದಿಯ ಗಾಳಿ ಲೋಹದ ತೆಳು ನಾಲಿಗೆಯನ್ನು ನಡುಗಿಸಿ ಸ್ವರ ಹೊರಡಿಸುತ್ತದೆ. ಇಟಲಿಯಲ್ಲಿ ಇದರ ತವರು ಕಾಸ್ತೆಲ್‌ಫಿದಾರ್ದೊ ಎಂಬ ಊರು. 1863ರಲ್ಲಿ ಪಾವೊಲೊ ಸೊಪ್ರಾನಿ ಎಂಬ ರೈತನ ಮಗ ಅಲ್ಲಿ ಅಕಾರ್ಡಿಯನ್ ತಯಾರಿಕೆ ಶುರುಮಾಡಿದ. ಇವತ್ತಿಗೂ ಆ ಊರಿನ ಹೆಸರು ಹೇಳಿದರೆ ಅಕಾರ್ಡಿಯನ್ನೇ ನೆನಪಾಗುತ್ತದೆ. ನಮ್ಮ ಹಾರ್ಮೋನಿಯಂ ನೆಲಕ್ಕೆ ಅಂಟಿ ಕೂತಿತು, ಒಂದು ಕೈಗೆ ತಿದಿ, ಇನ್ನೊಂದು ಕೈಗೆ ಸ್ವರದ ಮನೆಗಳು. ಇದು ಎದೆಗೆ ಏರಿತು, ಹೊಲಕ್ಕೆ, ಮದುವೆಗೆ, ಹಡಗಿಗೆ ಹೋಯಿತು.

ಮೊದಲು ಪೋಲ್ಕಾ, ಮಜೂರ್ಕಾ, ವಾಲ್ಟ್ಸ್. ಇಂಥ ಕುಣಿತದ ಸಂಗೀತಕ್ಕೆ ಅಲ್ಲಿ ‘ಲೀಷೊ’ ಎನ್ನುತ್ತಾರೆ, ನುಣುಪಾದದ್ದು ಎಂದು. ಕಾಲು ನೆಲದ ಮೇಲೆ ಜಾರಿಕೊಂಡು ಹೋಗುವ ಕುಣಿತ. ಸೆಕೊಂದೊ ಕಸಾದೇಯಿ 1954ರಲ್ಲಿ ಹೊರತಂದ ‘ರೊಮಾಞ ಮೀಯಾ’ ಶುರುವಾದದ್ದೇ ಇಡೀ ಮೇಜು ಹಾಡಿತು. ಅದು ಪಕ್ಕದ ಪ್ರಾಂತ್ಯದ ಹಾಡು, ಆದರೆ ಇಟಲಿಯಲ್ಲಿ ಅದನ್ನು ತನ್ನದಲ್ಲ ಎನ್ನುವವರು ಕಡಿಮೆ. ಅಜ್ಜ ಎದ್ದು ಮಗಳ ಕೈ ಹಿಡಿದರು. ಕಾಳು ಬಡಿದ ಕಣದಲ್ಲಿ, ಎಂಬತ್ತು ದಾಟಿದ ತಂದೆಯೂ ಕೊಯ್ಲಿನಿಂದ ಬಳಲಿದ ಮಗಳೂ ಎರಡು ಸುತ್ತು ಹಾಕಿದರು. ಹೆಜ್ಜೆ ಎತ್ತುವಷ್ಟು ಬಲ ಅಜ್ಜನ ಕಾಲಿಗೆ ಇರಲಿಲ್ಲ. ಜಾರಿಸಿದರೆ ಸಾಕಾಗುವ ಕುಣಿತವಾದ್ದರಿಂದ ಅವರಿಗೆ ಅದು ಒಗ್ಗಿತು. ಮಗಳು ತನ್ನ ವೇಗವನ್ನು ತಂದೆಯ ಕಾಲಿಗೆ ಇಳಿಸಿದಳು, ಅಕಾರ್ಡಿಯನ್ನಿನವರು ತಮ್ಮ ಲಯವನ್ನು ಅವರಿಬ್ಬರಿಗೆ ಇಳಿಸಿದರು. ಹಿಂದಿನ ರಾತ್ರಿಯ ಸ್ಯಾಕ್ಸೊಫೋನಿನವನು ನಿಜಕ್ಕೂ ಇವರಿಗಿಂತ ಪಳಗಿದ ಕೈ. ಆದರೆ ಎದುರಿಗಿರುವ ಒಂದು ಮುದಿ ಕಾಲಿಗಾಗಿ ತಾಳ ನಿಧಾನಿಸುವ ಅವಕಾಶ ಅವನಿಗೆ ಇರಲಿಲ್ಲ.

ಕತ್ತಲಾಗುತ್ತ ಬಂದಾಗ ‘ಮೇರಿಕಾ, ಮೇರಿಕಾ’ ಎಂಬ ಹಾಡು ಎತ್ತಿಕೊಂಡರು. ಈಗ ಯಾರೂ ಕುಣಿಯಲಿಲ್ಲ. 1875ರಿಂದ ಈಚೆಗೆ ವೆನೆತೊದ ಸಾವಿರಾರು ಬಡ ಸಂಸಾರಗಳು ಬ್ರೆಜಿಲ್ಲಿನ ದಕ್ಷಿಣದ ಗುಡ್ಡಗಾಡಿಗೆ ವಲಸೆ ಹೋದವು. ನಾನು ಮೇಲೆ ಹೇಳಿದ ಪೊಲೆಂತಾದ ಜನ. ಆ ವಲಸೆಯ ಹಾಡು ಇದು. ಅಲ್ಲಿ ರಿಯೊ ಗ್ರಾಂಜಿ ದೊ ಸುಲ್ ರಾಜ್ಯದಲ್ಲಿ ಅವರ ಮರಿಮಕ್ಕಳು ಇವತ್ತಿಗೂ ವೆನೆತೊ ನುಡಿಯಿಂದ ಬಂದ ‘ತಲಿಯಾನ್’ ಮಾತಾಡುತ್ತಾರೆ, ಈ ಹಾಡು ಹಾಡುತ್ತಾರೆ. ಈ ಮನೆಯಿಂದಲೂ ಒಂದು ಕವಲು ಹೋಗಿದೆಯಂತೆ. ಅಜ್ಜ ಹಾಡಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಕ್ಲಾರಿನೆಟ್ಟಿನ ಹುಡುಗಿ ಎರಡನೇ ಚರಣಕ್ಕೆ ಅವರ ಹತ್ತಿರ ಬಂದು ನಿಂತು, ಅವರಿಗೇ ಕೇಳುವಷ್ಟು ಮೆಲ್ಲಗೆ ನುಡಿಸಿದಳು.

ಹಾಡು ಮುಗಿದ ಮೇಲೆ ಅಜ್ಜ ಒಳಗೆ ಹೋಗಿ ಒಂದು ಬಾಟಲಿ ತಂದರು. ಅದಕ್ಕೆ ಚೀಟಿ ಇರಲಿಲ್ಲ. ಕಾಲಿಲ್ಲದ ಗಿಡ್ಡ ಲೋಟಗಳಿಗೆ ಎರಡೆರಡು ಬೆರಳು ಸುರಿದರು. ಕಡುಗೆಂಪು, ಅಂಚಿನಲ್ಲಿ ನೇರಳೆ. ನಾನು ಲೋಟವನ್ನು ಇನ್ನೂ ಬಾಯಿಗೆ ತಂದಿರಲಿಲ್ಲ. ಪಕ್ಕದಲ್ಲಿ ಅಣ್ಣನ ಮಗಳು ತನ್ನದನ್ನು ಮೂಸಿ, ಹಾಗೇ ಕೆಳಗಿಟ್ಟು, ನನ್ನ ಮೊಳಕೈ ಹಿಡಿದಳು.

‘ಚಿಕ್ಕಪ್ಪ, ಮೂಸಿ ನೋಡಿ. ನಮ್ಮ ತೋಟ.’

ಮೂಸಿದೆ. ಮಾಗಿದ ಬೆಂಗಳೂರು ಬ್ಲೂ. ಬೇರೆ ಯಾವ ಹಣ್ಣಿಗೂ ಇಲ್ಲದ ಆ ಗಾಢ ಸಿಹಿವಾಸನೆ, ಫೆಬ್ರವರಿಯಲ್ಲಿ ಲಾರಿಗೆ ಕ್ರೇಟು ಏರಿಸುವಾಗ ಅಂಗಿಗೆ ಹತ್ತಿಕೊಂಡು ಮೂರು ಒಗೆತಕ್ಕೂ ಹೋಗದ ವಾಸನೆ. ಅಪ್ಪನ ಹೆಗಲ ಮೇಲಿನ ಟವೆಲ್ಲಿನ ವಾಸನೆ.

ಅಜ್ಜ ತಲೆಯ ಮೇಲಿನ ಚಪ್ಪರವನ್ನು ತೋರಿಸಿ ‘ಊವಾ ಫ್ರಾಗೊಲಾ’ ಅಂದರು. ಸ್ಟ್ರಾಬೆರಿ ದ್ರಾಕ್ಷಿ. ಇಷ್ಟು ಹೊತ್ತು ನಾವು ಅದರ ಕೆಳಗೇ ಕೂತಿದ್ದೆವು. ಇದರ ನಿಜವಾದ ಹೆಸರು ಇಸಬೆಲ್ಲಾ. ಅಮೆರಿಕದ ತಳಿ; 19ನೇ ಶತಮಾನದ ಆರಂಭದಲ್ಲಿ ಅಲ್ಲಿನ ಸಸಿ ವ್ಯಾಪಾರಿಗಳಿಂದ ಹೆಸರಾಯಿತು. ನಮ್ಮ ಬೆಂಗಳೂರು ಬ್ಲೂವನ್ನು ದ್ರಾಕ್ಷಿ ತಜ್ಞರು ಇದೇ ಇಸಬೆಲ್ಲಾ ಎಂದು ಗುರುತಿಸುತ್ತಾರೆ. ಫಿಲಾಕ್ಸೆರಾ ಎಂಬ ಬೇರು ಹೇನು ಯುರೋಪಿನ ದ್ರಾಕ್ಷಿಯನ್ನೆಲ್ಲ ನೆಲಕ್ಕೆ ಹಾಕಿದ ಕಾಲದಲ್ಲಿ ಇಂಥ ಗಟ್ಟಿ ಬಳ್ಳಿಗಳೇ ಬಡ ರೈತರ ಲೋಟ ತುಂಬಿಸಿದವು. ಹೆಚ್ಚು ಮದ್ದು ಬೇಡ, ಆರೈಕೆ ಬೇಡ. ವೆನೆತೊದಿಂದ ಬ್ರೆಜಿಲ್ಲಿಗೆ ಹೋದವರ ಗುಡ್ಡಗಳಲ್ಲಿ ಬೇರೂರಿದ್ದೂ ಇದೇ ಬಳ್ಳಿ.

ಆದರೆ ಇಟಲಿಯಲ್ಲಿ ಇದರ ವೈನನ್ನು ಮಾರುವಂತಿಲ್ಲ. 1930ರ ದಶಕದಲ್ಲೇ ಅಲ್ಲಿ ಇಂಥ ತಳಿಗಳ ಮೇಲೆ ಕಾನೂನು ಬಂತು. ಇವತ್ತು ಯುರೋಪ್ ಒಕ್ಕೂಟದ ನಿಯಮದಲ್ಲಿ ಮಾರಾಟಕ್ಕೆ ವೈನ್ ಮಾಡಬಾರದ ಆರು ತಳಿಗಳ ಹೆಸರೇ ಇದೆ: ನೊವಾ, ಒಥೆಲೊ, ಇಸಬೆಲ್, ಜಾಕೆ, ಕ್ಲಿಂಟನ್, ಎರ್ಬಮೊಂ. ಮಿಥನಾಲ್ ಹೆಚ್ಚು ಎಂಬ ಕಾರಣ ಜನರ ಬಾಯಲ್ಲಿದೆ. ಹೆಸರಾಂತ ತಳಿಗಳ ಗುಣಮಟ್ಟವನ್ನೂ ಮಾರುಕಟ್ಟೆಯನ್ನೂ ಕಾಯುವ ಉದ್ದೇಶವೇ ಅದಕ್ಕಿಂತ ದೊಡ್ಡದು. ಹಣ್ಣು ತಿನ್ನಬಹುದು, ಮಾರಬಹುದು. ಮನೆಯವರಿಗೆಂದು ಒಂದಿಷ್ಟು ವೈನ್ ಮಾಡಿಕೊಂಡು ‘ಫ್ರಗೊಲೀನೊ’ ಎಂದು ಪ್ರೀತಿಯಿಂದ ಕುಡಿಯಬಹುದು. ಅಂಗಡಿಗೆ ಮಾತ್ರ ಕೊಡುವಂತಿಲ್ಲ. ಎದುರಿನ ಗುಡ್ಡದ ಗ್ಲೆರಾ ದ್ರಾಕ್ಷಿಯ ಪ್ರೊಸೆಕ್ಕೊ ವರ್ಷಕ್ಕೆ ಕೋಟಿಗಟ್ಟಲೆ ಬಾಟಲಿಗಳಲ್ಲಿ ಲೋಕವನ್ನೆಲ್ಲ ಸುತ್ತುತ್ತದೆ. ಈ ಚಪ್ಪರದ ವೈನು ಈ ಮೇಜನ್ನು ದಾಟುವುದಿಲ್ಲ. ಇದೇ ಬಳ್ಳಿಗೆ ನಮ್ಮಲ್ಲಿ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ ಎಂದು ಅಣ್ಣನ ಮಗಳು ವಿವರಿಸಿದಾಗ ಅಜ್ಜ ಅವಳಿಂದ ಮೂರು ಸಲ ಹೇಳಿಸಿಕೊಂಡರು. ಆಮೇಲೆ ಎದ್ದು ಚಪ್ಪರದ ಕಂಬವನ್ನು ಅಂಗೈಯಿಂದ ಒಮ್ಮೆ ತಟ್ಟಿದರು, ಎತ್ತಿನ ಬೆನ್ನು ತಟ್ಟುವ ಹಾಗೆ.

ಕೈ ಚಾಚಿ ಒಂದು ಗೊಂಚಲು ಕಿತ್ತು ನನ್ನ ಮುಂದಿಟ್ಟರು. ಒಂದು ಹಣ್ಣನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ತೊಟ್ಟಿನ ಕಡೆಯನ್ನು ತುಟಿಗೆ ತಂದು ಒತ್ತಿದರು. ತಿರುಳು ಪುಳಕ್ಕನೆ ಬಾಯೊಳಗೆ ಹೋಯಿತು, ಸಿಪ್ಪೆ ಬೆರಳಲ್ಲೇ ಉಳಿಯಿತು. ಬೇರೆ ದ್ರಾಕ್ಷಿಯನ್ನು ಹೀಗೆ ತಿನ್ನಲು ಬರುವುದಿಲ್ಲ. ಈ ಜಾತಿಯ ಸಿಪ್ಪೆ ಮಾತ್ರ ತಿರುಳಿಂದ ಹೀಗೆ ಬಿಟ್ಟುಕೊಳ್ಳುತ್ತದೆ. ನಮ್ಮ ತೋಟದಲ್ಲಿ ನಾವೆಲ್ಲ ತಿಂದದ್ದು ಹೀಗೆಯೇ, ಸಿಪ್ಪೆಯನ್ನು ಬದುವಿಗೆ ಎಸೆಯುತ್ತ. ನಾನೂ ಒಂದನ್ನು ಹಿಡಿದು ಒತ್ತಿದೆ. ಅಜ್ಜ ನನ್ನ ಬೆರಳನ್ನೇ ನೋಡುತ್ತಿದ್ದರು. ಅಲ್ಲಿಂದಾಚೆಗೆ ನಮ್ಮಿಬ್ಬರ ಮಾತನ್ನು ಅಣ್ಣನ ಮಗಳು ಅನುವಾದ ಮಾಡುವ ಅಗತ್ಯ ಬಹಳ ಬೀಳಲಿಲ್ಲ.

ಒಂದು ಮಾತಿಗೆ ಮಾತ್ರ ಬಿತ್ತು. ನಮ್ಮಲ್ಲಿ ವರ್ಷಕ್ಕೆ ಎರಡು ಬೆಳೆ ಎಂದೆ. ಎರಡು ಸಲ ಸವರುತ್ತೇವೆ, ಎರಡು ಸಲ ಕೊಯ್ಯುತ್ತೇವೆ. ಅಜ್ಜ ನಂಬಲಿಲ್ಲ. ಅವರ ಬಳ್ಳಿ ನವೆಂಬರಿನಲ್ಲಿ ಎಲೆ ಉದುರಿಸಿ, ಹಿಮದಲ್ಲಿ ಕಡ್ಡಿಯಾಗಿ ನಿಂತು, ಏಪ್ರಿಲಿಗೆ ಚಿಗುರುತ್ತದೆ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: ‘ಹಾಗಾದರೆ ನಿಮ್ಮ ಬಳ್ಳಿ ಮಲಗುವುದು ಯಾವಾಗ?’

ಮಲಗುವುದಿಲ್ಲ ಎಂದೆ. ಆ ಉತ್ತರ ಅವರಿಗೆ ಹಿಡಿಸಲಿಲ್ಲ. ಪಾಪ ಎನ್ನುವಂತೆ ನಾಲಿಗೆ ಲೊಚಗುಟ್ಟಿ ಚಪ್ಪರದ ಕಡೆ ನೋಡಿದರು.

ರಾತ್ರಿ ಹನ್ನೊಂದರ ಹೊತ್ತಿಗೆ ಅಕಾರ್ಡಿಯನ್ನಿನವರು ತಿದಿ ಮುಚ್ಚಿ ಪಟ್ಟಿ ಹಾಕಿದರು. ಮರುದಿನ ಆರಕ್ಕೆ ಕೊಯ್ಲಿತ್ತು. ಅವರಿಗೆ ಏನಾದರೂ ಕೊಡಬೇಕೇ ಎಂದು ಮನೆಯೊಡತಿಯನ್ನು ಮೆಲ್ಲಗೆ ಕೇಳಿದೆ. ಅವರು ನನ್ನ ಕೈಯನ್ನು ಜೇಬಿನ ಕಡೆಗೇ ತಳ್ಳಿದರು. ಬೆಳಿಗ್ಗೆ ಕೊಟ್ಟ ಬಿಲ್ಲಿನಲ್ಲಿ ಕೋಣೆ, ಊಟ, ಎರಡು ಸ್ಪ್ರಿಟ್ಸ್ ಇದ್ದವು. ಸಂಗೀತಕ್ಕೆ ದುಡ್ಡಿರಲಿಲ್ಲ. ಫ್ರಗೊಲೀನೊ ಹೆಸರೂ ಇರಲಿಲ್ಲ, ಬರೆಯುವಂತೆಯೂ ಇರಲಿಲ್ಲ. ಅಜ್ಜ ಆಗಲೇ ಟ್ರ್ಯಾಕ್ಟರಿನ ಹಿಂದೆ ಕೂತು ತೋಟಕ್ಕೆ ಹೋಗಿದ್ದರು. ಮೇಜಿನ ಮೇಲೆ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಒಂದು ಗೊಂಚಲು ನಮಗಾಗಿ ಇತ್ತು. ಪಾದೊವಾ ಸೇರುವ ಹೊತ್ತಿಗೆ ರೈಲಿನಲ್ಲಿ ಅದನ್ನು ಇಬ್ಬರೂ ತಿಂದು ಮುಗಿಸಿದೆವು. ಅವಳು ಸಿಪ್ಪೆಗಳನ್ನೆಲ್ಲ ಅದೇ ಹಾಳೆಯಲ್ಲಿ ಮಡಚಿ ಚೀಲದಲ್ಲಿಟ್ಟುಕೊಂಡಳು. ಯಾಕೆಂದು ನಾನು ಕೇಳಲಿಲ್ಲ.

ಆ ಕಡೆಗೆ ಹೋಗುವವರಿದ್ದರೆ ಸೆಪ್ಟೆಂಬರಿನಲ್ಲಿ ಹೋಗಿ. ತಾರಸಿಯ ಟಿಕೆಟ್ಟು ಕೊಳ್ಳುವ ಬದಲು ಒಬ್ಬ ರೈತನ ಮನೆಯಲ್ಲಿ ಒಂದು ರಾತ್ರಿ ಹೆಚ್ಚು ಉಳಿಯಿರಿ, ಅಂಗಳದಲ್ಲಿ ಚಪ್ಪರವಿದ್ದರೆ ಅದು ಯಾವ ದ್ರಾಕ್ಷಿ ಎಂದು ಕೇಳಿ. ಹೋಗಲಾಗದವರು ದೇವನಹಳ್ಳಿ, ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಬೆಂಗಳೂರು ಬ್ಲೂ ಕಂಡಾಗ ಗಾಡಿ ನಿಲ್ಲಿಸಿ ಒಂದು ಕಿಲೋ ಕೊಳ್ಳಿ. ಬೀಜವಿದೆ, ಸಿಪ್ಪೆ ದಪ್ಪ ಎಂದು ಬಿಟ್ಟು ಬರಬೇಡಿ. ಕೊಳ್ಳುವವರು ಇದ್ದರೆ ಉಳಿದಿರುವ ತೋಟಗಳಾದರೂ ಉಳಿಯುತ್ತವೆ.